ಬೀಗದವನ ಮುಂಬಾಗಿಲು

"ಎಡಕ್ಕೆ ತಿರುಗಿಸಪ್ಪಾ! ಎಡ ಅಂದ್ರೆ ನನ್ನೆಡ ಅಲ್ಲ, ನಿನ್ನೆಡ!" ಎಂದು ಅಣ್ಣ ಕೂಗಿದ.

ಸ್ಟ್ರೆಚರಿನ ತಲೆಕಡೆ ಅಡುಗೆಮನೆಯ ಕಟ್ಟೆಗೆ ಬಡಿದು ಲೋಟವೊಂದು ಉರುಳಿ ನೆಲಕ್ಕೆ ಬಿತ್ತು. ಕಾಲುಕಡೆ ಹಿಡಿದಿದ್ದ ವ್ಯಾನಿನ ಡ್ರೈವರು ಹಿಂಬಾಗಿಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ. ಅತ್ತ ಹೊರಗೆ ಹೋಗಲಾರ, ಇತ್ತ ಒಳಗೆ ಬರಲಾರ. ನಡುವೆ ಬಿಳಿ ಹೊದಿಕೆಯಡಿಯಲ್ಲಿ ಅಪ್ಪ ಒಂದು ಮಗ್ಗುಲಿಗೆ ಜಾರತೊಡಗಿದ್ದ. ಪುಟ್ಟಿ ಓಡಿಬಂದು ಅವನ ಭುಜ ಹಿಡಿದಳು. ನಲವತ್ತು ದಾಟಿ ಎಷ್ಟೋ ಕಾಲವಾಗಿದ್ದರೂ ಮನೆಯವರಿಗೆಲ್ಲ ಅವಳಿನ್ನೂ ಪುಟ್ಟಿಯೇ.

"ಬದುಕಿದ್ದಾಗಲೂ ಹೀಗೇ. ಹೊರಗೆ ಹೊರಡು ಅಂದ್ರೆ ನೂರೆಂಟು ನೆಪ" ಎಂದು ಎದುರುಮನೆ ದೊಡ್ಡಮ್ಮ ಮೂಗು ಒರೆಸಿಕೊಂಡಳು. ಅತ್ತಳೋ ನಕ್ಕಳೋ ತಿಳಿಯಲಿಲ್ಲ.

"ನೆಟ್ಟಗೆ ನಿಲ್ಲಿಸಿ, ಹಗ್ಗ ಬಿಗಿದು ದಾಟಿಸಿಬಿಡೋಣ" ಎಂದ ಅಣ್ಣ.

"ಅಪ್ಪ ಏನು ಬೀರು ಅಂದ್ಕೊಂಡ್ಯಾ? ಮಲಗಿಸ್ಕೊಂಡೇ ಹೋಗ್ಬೇಕು. ಮುಂಬಾಗಿಲಿಂದ" ಎಂದಳು ಪುಟ್ಟಿ.

ಎಲ್ಲರೂ ನಡುಮನೆಯ ಗೋಡೆಯತ್ತ ತಿರುಗಿದರು. ಅಲ್ಲಿ ಕಬ್ಬಿಣದ ಬೀರು ನಿಂತಿತ್ತು. ಬೀರುವಿನ ಹಿಂದೆ ಅಡ್ಡಡ್ಡ ಬಿಗಿದ ದಪ್ಪ ಹಲಗೆಗಳು, ಹಲಗೆಗಳ ಹಿಂದೆ ಬಾಗಿಲು. ಪುಟ್ಟಿ ಲಂಗ ಹಾಕುತ್ತಿದ್ದ ಕಾಲದಿಂದ ಅದನ್ನು ಯಾರೂ ತೆರೆದಿರಲಿಲ್ಲ.

"ಬೇಡ ಕಣೇ, ಅವರಿಗೆ ಇಷ್ಟ ಇರ್ಲಿಲ್ಲ" ಎಂದಳು ಅಮ್ಮ, ಕುಳಿತಲ್ಲಿಂದಲೇ. "ತೆಗೆದ್ರೆ ಆಮೇಲೆ ಭದ್ರ ಮಾಡೋರು ಯಾರು?"

ಪುಟ್ಟಿಗೆ ತಲೆ ಚಿಟ್ಟು ಹಿಡಿಯಿತು. ಹೆದರುವ ಮನುಷ್ಯ ಹೋದ ಮೇಲೂ ಅವನ ಹೆದರಿಕೆಯ ಚಾಕರಿ ಮಾಡಬೇಕೆ?

"ಬಡಗಿಯನ್ನ ಕರೀರಿ" ಎಂದಳು.

*

ಅಪ್ಪ ಬೀಗ ರಿಪೇರಿ ಮಾಡುತ್ತಿದ್ದವನು. ಮೂಲೆಯಲ್ಲೊಂದು ಪುಟ್ಟ ಅಂಗಡಿ, ಗೋಡೆ ತುಂಬ ತೂಗುಹಾಕಿದ ಕೀಗಳು. ಯಾರಾದರೂ ಕೀ ಒಳಗೇ ಬಿಟ್ಟು ಬಾಗಿಲೆಳೆದುಕೊಂಡರೆ ಅವನಿಗೇ ಕರೆ ಬರುತ್ತಿತ್ತು. ಎರಡು ತಂತಿ ಹಿಡಿದು ಹೋಗಿ, ಕಣ್ಣು ಮುಚ್ಚಿ, ಬೀಗದ ಜೊತೆ ಏನೋ ಗುಟ್ಟು ಮಾತಾಡುವವನಂತೆ ತಲೆ ಬಾಗಿಸಿ ತೆಗೆದುಬಿಡುತ್ತಿದ್ದ.

ಒಂದು ಮಧ್ಯಾಹ್ನ ಇಸ್ತ್ರಿ ಅಂಗಿಯ ಗೃಹಸ್ಥನೊಬ್ಬ ಬಂದು, "ಕೀ ಒಳಗೇ ಉಳಿದುಹೋಯ್ತು ಮಾರಾಯ, ಸ್ವಲ್ಪ ಬಾ" ಎಂದ. ಅಪ್ಪ ಹೋಗಿ ಬಾಗಿಲು ತೆಗೆದುಕೊಟ್ಟ. ಆ ಮನುಷ್ಯ ಒಳ್ಳೆಯವನು. ಬಿಸಿಲಲ್ಲಿ ಬಂದಿದ್ದೀಯ ಎಂದು ಒಳಗಿಂದ ಒಂದು ಲೋಟ ನೀರು ತಂದುಕೊಟ್ಟ. ಅಪ್ಪ ಕುಡಿದು ಬಂದ.

ಮರುದಿನ ಆ ಮನೆಯ ನಿಜವಾದ ಯಜಮಾನ ಅಂಗಡಿ ಮುಂದೆ ಬಂದು ನಿಂತ.

ಪೊಲೀಸರು ವಿಚಾರಿಸಿ ಸುಮ್ಮನಾದರು. ಅಪ್ಪ ಸುಮ್ಮನಾಗಲಿಲ್ಲ. "ಕಳ್ಳನ ಕೈಯಿಂದ ನೀರು ಇಸ್ಕೊಂಡು ಕುಡಿದೆನಲ್ಲ" ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಅಲ್ಲಿಂದಾಚೆ ಅವನು ಯಾರ ಮನೆಯ ಬಾಗಿಲಿಗೂ ಹೋಗಲಿಲ್ಲ. ತಿಜೋರಿ ಮಾಡುವ ಕಂಪನಿಯೊಂದು ಕೆಲಸಕ್ಕೆ ಕರೆದಾಗ ಕೈಮುಗಿದು ಬೇಡವೆಂದ. ಅಂಗಡಿಯಲ್ಲಿ ಕೂತು ಕೀಗಳ ನಕಲು ಮಾಡಿಕೊಡುವುದಷ್ಟೇ ಅವನ ಬದುಕಾಯಿತು.

"ಯಾವ ಬೀಗ ಆದ್ರೂ ನನಗೆ ಎರಡು ನಿಮಿಷ. ನನ್ನಂಥೋನು ಊರಲ್ಲಿ ಇನ್ನೊಬ್ಬ ಇರಲ್ವಾ?" ಎಂದು ಒಂದು ಭಾನುವಾರ ಹಲಗೆ ಹೊತ್ತು ತಂದ. ಕೈಲಾಗದವನು ಹೆದರಿದರೆ ಯಾರಾದರೂ ಸಮಾಧಾನ ಹೇಳಬಹುದು. ಇವನು ಹೆದರಿದ್ದು ತನ್ನ ಕೈಚಳಕಕ್ಕೇ. ಅದಕ್ಕೆ ಯಾರು ಏನು ಹೇಳಿಯಾರು?

*

"ಸ್ಕ್ರೂಡ್ರೈವರ್ ಎಲ್ಲಿ ಇಡ್ಲಿ ತಾಯಿ? ಇವಕ್ಕೆ ತಲೇಲಿ ಗೀಟೇ ಇಲ್ವಲ್ಲ!" ಎಂದ ಬಡಗಿ, ಬೀರು ಸರಿಸಿದ ಮೇಲೆ.

ಪುಟ್ಟಿ ಬಗ್ಗಿ ನೋಡಿದಳು. ಅಪ್ಪ ಒಂದೊಂದು ಸ್ಕ್ರೂವಿನ ತಲೆಯನ್ನೂ ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದ. ಇನ್ನು ಯಾರೂ, ತಾನು ಕೂಡ, ತೆಗೆಯಬಾರದೆಂದು. ಬಡಗಿ ಗೊಣಗುತ್ತ ಉಳಿ ಹಿಡಿದು ಹಲಗೆಯನ್ನೇ ಸೀಳತೊಡಗಿದ. ಡ್ರೈವರು ಮೂರನೆಯ ಸಲ ಬಂದು, ಇನ್ನೊಂದು ಕಡೆಯೂ ಹೆಣ ಕಾಯುತ್ತಿದೆ ಎಂದು ನೆನಪಿಸಿದ.

"ಎಲ್ಲದಕ್ಕೂ ನಿನ್ನದೊಂದು ಹಟ" ಎಂದ ಅಣ್ಣ, ಸಣ್ಣ ದನಿಯಲ್ಲಿ.

"ಹಟ ಮಾಡಿದ್ರೆ ನಾನ್ಯಾಕೆ ಹೀಗಿರ್ತಿದ್ದೆ? ಹಡಗಿನ ಕಾರ್ಖಾನೇಲಿ ನಕ್ಷೆ ಬರೆಯೋ ಕೆಲಸ ಬಂದಿತ್ತು. ಅಪ್ಪ ಬೇಡ ಅಂದ್ರು, ಬಾಯಿ ಮುಚ್ಕೊಂಡು ಕೂತೆ. ಈಗ ಜೆರಾಕ್ಸ್ ಅಂಗಡೀಲಿ ಕಂಡೋರ ನಕ್ಷೆಗೆ ನಕಲು ತೆಗೀತಿದ್ದೀನಿ."

"ಅಪ್ಪ ಬೇಡ ಅಂದ್ರಾ?" ಅಣ್ಣ ಅವಳನ್ನೇ ನೋಡಿದ. "ಪುಟ್ಟಿ, ಅವತ್ತು ನಿನ್ನ ಚೀಲ ಹೊತ್ಕೊಂಡು ಹಿಂಬಾಗಿಲಲ್ಲಿ ನಿಂತಿದ್ದೋನು ನಾನೇ. ಆಟೋ ಕೂಡ ಬಂದಿತ್ತು."

ಪುಟ್ಟಿ ಸೀಳಿದ ಹಲಗೆಯ ಚೂರುಗಳನ್ನು ಬಾಚಿ ಪಕ್ಕದ ಸಂದಿಗೆ ಎಸೆಯತೊಡಗಿದಳು.

*

ಅವತ್ತು ಅಪ್ಪ ಅಂಗಡಿಗೆ ಹೋಗಿರಲಿಲ್ಲ. ಅಂಗೈಯಗಲದ ಹಿತ್ತಾಳೆ ಬೀಗವೊಂದನ್ನು ಬಟ್ಟೆಯಲ್ಲಿ ಸುತ್ತಿ ತಂದು ಅವಳ ಕೈಗಿಟ್ಟ. ತಿಂಗಳುಗಟ್ಟಲೆ ಕೂತು ತಾನೇ ಮಾಡಿದ ಬೀಗ.

"ಇದನ್ನ ನನ್ನ ಕೈಲೂ ತೆಗೆಯಕ್ಕಾಗಲ್ಲ, ನೋಡ್ದೆ. ಅಲ್ಲಿ ರೂಮಿಗೆ ಹಾಕ್ಕೋ. ಹೋಗಿ ಬಾ ಮಗಳೇ."

ಬೀಗ ಭಾರವಾಗಿತ್ತು. ಇಂಥ ಬೀಗ ಬೇಕಾಗುವ ಊರು ಎಂಥದಿರಬಹುದು ಎಂಬ ಯೋಚನೆ ಅವಳಿಗೆ ಬಂದದ್ದೇ ಆಗ. ಕಂಡಿರದ ಓಣಿಗಳು, ಹಿಂದೆ ಬರುವ ಹೆಜ್ಜೆಗಳು, ಒಳ್ಳೆಯ ಮಾತಾಡಿ ನೀರು ಕೊಡುವವರು, ಎಲ್ಲವೂ ಒಮ್ಮೆಲೇ ಕಣ್ಣೆದುರು ಬಂದು ನಿಂತವು. ಆಟೋದವನು ಹಾರ್ನ್ ಹೊಡೆದ.

"ಮುಂದಿನ ವರ್ಷ ನೋಡೋಣ ಬಿಡಿ ಅಪ್ಪ" ಎಂದಳು ಪುಟ್ಟಿ.

ಅಪ್ಪ ಬೇಡವೆನ್ನಲಿಲ್ಲ, ಹೋಗು ಎಂದು ಇನ್ನೊಂದು ಸಲ ಹೇಳಲೂ ಇಲ್ಲ. ಹಿಡಿದಿದ್ದ ಉಸಿರು ಬಿಟ್ಟ, ಅಷ್ಟೆ. ಸಂಜೆಯ ಹೊತ್ತಿಗೆ ಕೇಳಿದವರಿಗೆಲ್ಲ ಅವಳು, "ಅಪ್ಪ ಬೇಡ ಅಂದ್ರು" ಎನ್ನತೊಡಗಿದ್ದಳು. ಅಪ್ಪ ಅದನ್ನು ಕೇಳಿಸಿಕೊಂಡೂ ಸುಮ್ಮನಿದ್ದ. ಸಾಯುವವರೆಗೂ ಸುಮ್ಮನಿದ್ದ.

*

ಕೊನೆಯ ಹಲಗೆ ಸೀಳಿಬಿತ್ತು. ಬಾಗಿಲು ಕಾಣಿಸಿತು, ಹಲಗೆ ಇದ್ದ ಕಡೆ ಹೊಸ ಬಣ್ಣ, ಉಳಿದ ಕಡೆ ಧೂಳು.

"ಕೀ ಎಲ್ಲಿದೆ?" ಎಂದ ಬಡಗಿ.

ಅಣ್ಣ ಅಂಗಡಿಯ ಕೀಗೊಂಚಲು ತರಲು ಹೊರಟ. ಬಡಗಿ ಸುಮ್ಮನೆ ಹಿಡಿಗೆ ಕೈಹಾಕಿ ಎಳೆದ. ಬಾಗಿಲು ಕಿರ್ರೆಂದು ತೆರೆದುಕೊಂಡಿತು. ಬೀಗ ಹಾಕಿರಲಿಲ್ಲ. ಬೀಗವನ್ನು ಚೆನ್ನಾಗಿ ಬಲ್ಲವನು ಅದನ್ನು ನಂಬುವುದೆಂತು?

ಬಿಸಿಲು ನಡುಮನೆಯ ಉದ್ದಕ್ಕೂ ಬಿತ್ತು. ಅಮ್ಮ ಕಣ್ಣಿಗೆ ಸೆರಗು ಅಡ್ಡ ಹಿಡಿದಳು. ಅಪ್ಪನನ್ನು ಮಲಗಿಸಿಕೊಂಡೇ, ಎಲ್ಲೂ ತಾಗಿಸದೆ, ಆರಾಮವಾಗಿ ಬೀದಿಗೆ ಇಳಿಸಿದರು. ಇಷ್ಟು ಸುಲಭವಿತ್ತಲ್ಲ ಎಂದು ಪುಟ್ಟಿಗೆ ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ಈಗ ಅಷ್ಟು ಸಲೀಸಾಗಿ ಹೇಳುವಂತಿರಲಿಲ್ಲ.

ಎಲ್ಲ ಮುಗಿಸಿ ಅವರು ಮರಳಿದಾಗ ಸಂಜೆಯಾಗುತ್ತಿತ್ತು. ಮುಂಬಾಗಿಲು ಹಾರುಹೊಡೆದು ತೆರೆದೇ ಇತ್ತು. ಕಾವಲಿಗೆಂದು ಬಿಟ್ಟುಹೋಗಿದ್ದ ಬಡಗಿ ಮೆಟ್ಟಿಲ ಮೇಲೆ ತೂಕಡಿಸುತ್ತಿದ್ದ. ಅಣ್ಣ ಪಕ್ಕದ ಸಂದಿಗೆ ತಿರುಗಿದ. ಅಮ್ಮ ಅವನ ಹಿಂದೆ, ದೊಡ್ಡಮ್ಮ ಅಮ್ಮನ ಹಿಂದೆ. ಸಂದಿಯಲ್ಲಿ ಬಿದ್ದಿದ್ದ ಹಲಗೆಯ ಚೂರುಗಳನ್ನು ಬೈದುಕೊಂಡು ಪುಟ್ಟಿಯೂ ನಡೆದಳು. ಹಿಂಬಾಗಿಲಲ್ಲಿ ಎಂದಿನಂತೆ ತಲೆ ತಗ್ಗಿಸಿದಳು, ಎಂದಿನ ಜಾಗದಲ್ಲೇ ಚಪ್ಪಲಿ ಬಿಟ್ಟಳು.

ಒಳಗೆ ಕಾಲಿಟ್ಟ ಮೇಲೆ, ಅಡುಗೆಮನೆಯಿಂದ ನೇರ ಬೀದಿ ಕಾಣಿಸಿತು.

ಪುಟ್ಟಿ ಹಿಂದಕ್ಕೆ ಹೋಗಿ ಚಪ್ಪಲಿಗಳನ್ನು ಕೈಗೆತ್ತಿಕೊಂಡಳು. ಯಾರನ್ನೂ ನೋಡದೆ ನಡುಮನೆ ದಾಟಿ, ಮುಂಬಾಗಿಲಿನ ಹೊರಗೆ, ಮೆಟ್ಟಿಲ ಮೇಲೆ ಜೋಡಿಸಿಟ್ಟಳು. ಬಡಗಿ ಎಚ್ಚೆತ್ತು, "ಬಾಗಿಲು ಹಾಕ್ಲಾ?" ಎಂದ.

"ಬೇಡ. ತೆರೆದೇ ಇರ್ಲಿ" ಎಂದು ಒಳಗೆ ನಡೆದಳು.

ನಡುಮನೆಯ ಅರ್ಧ ದಾಟುವುದರೊಳಗೆ ತಿರುಗಿ, ಚಪ್ಪಲಿ ಇದೆಯೇ ಎಂದು ನೋಡಿದಳು.