ಮನೆಯಲ್ಲಿ ಯಾರೂ ಕರೆಯದ ಹೆಸರು

ಕೇಶವಮೂರ್ತಿ ಮಾಸ್ತರರದು ನಿಂತಲ್ಲಿ ನಿಲ್ಲಲಾರದ, ಕೂತಲ್ಲಿ ಕೂರಲಾರದ ಜೀವ. ಜೂನ್ ಬಂತೆಂದರೆ ಅದು ಇಮ್ಮಡಿಯಾಗುತ್ತಿತ್ತು. ಪರೇಲಿನ ಮುನಸಿಪಾಲ್ಟಿ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಪಾಸಾದ ಮಕ್ಕಳು ಹೈಸ್ಕೂಲು ಸೇರುವ ತಿಂಗಳು ಅದು. ಸೇರಿದವರಲ್ಲಿ ಅರ್ಧಕ್ಕರ್ಧ ಮಂದಿ ದೀಪಾವಳಿಗೆ ಮುಂಚೆಯೇ ಪುಸ್ತಕ ಬಿಸಾಡಿ ಕೆಲಸಕ್ಕೆಂದು ಬಟ್ಟೆ ಗಿರಣಿಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಮಕ್ಕಳದೇನೂ ತಪ್ಪಿಲ್ಲ, ಮನೆಯವರನ್ನು ಯಾರೂ ತಯಾರು ಮಾಡಿಲ್ಲ ಎಂಬುದು ಮಾಸ್ತರರ ಸಿದ್ಧಾಂತ.

ಆದ್ದರಿಂದ ಮುಲುಂಡಿನಿಂದ ಮುಂಜಾನೆಯ ಲೋಕಲ್ ಹಿಡಿದು ಬಂದು, ಶಾಲೆಯ ಗಂಟೆಗೆ ಮುಂಚೆಯೇ ಚಾಳಿನಿಂದ ಚಾಳಿಗೆ ಅಲೆಯುತ್ತಿದ್ದರು. ನಲ್ಲಿಯ ಸರದಿಗೆ ಹುಡುಗನನ್ನು ನಿಲ್ಲಿಸಬೇಡಿ, ಇಂಗ್ಲಿಷ್ ಓದುವಾಗ ನಗಬೇಡಿ, ಟ್ರಾಮಿನಲ್ಲಿ ಒಂದು ಸಲ ನೀವೇ ಜೊತೆಗೆ ಹೋಗಿ ಹಾದಿ ತೋರಿಸಿ. ಹೀಗೆ ಹೇಳಿದ್ದನ್ನೇ ಹೇಳಿ ಹೇಳಿ ಅವರ ಗಂಟಲು ಒಡೆದಿತ್ತು. ತಮ್ಮ ಮನೆಯಲ್ಲಿ ಅಕ್ಕಿ ಮುಗಿದದ್ದು ಹೆಂಡತಿ ಮೂರು ಸಲ ಹೇಳಿದರೂ ಅವರಿಗೆ ನೆನಪಿರುತ್ತಿರಲಿಲ್ಲ, ಅದು ಬೇರೆ ಮಾತು.

ಸಾವಿರದ ಒಂಬೈನೂರ ಐವತ್ತನಾಲ್ಕರ ಆ ಜೂನಿನಲ್ಲಿ ಅವರ ಆಸೆಯೆಲ್ಲ ಒಬ್ಬನ ಮೇಲಿತ್ತು. ಅಪ್ಪಣ್ಣ. ಗಿರಣಿಯ ಸಾಂಚಾ ಖಾತೆಯಲ್ಲಿ ನೇಯುವ ಶಂಕ್ರೆಪ್ಪನ ಮಗ. ದಾದರಿನ ಹೈಸ್ಕೂಲಿನವರು ಪರೀಕ್ಷೆ ಇಟ್ಟಾಗ ಲೆಕ್ಕದಲ್ಲಿ ಮೊದಲಿಗನಾಗಿ ಬಂದಿದ್ದ. ಸೀಟು ಸಿಕ್ಕಿತೆಂದು ಚಾಳಿಗೆಲ್ಲ ಬೆಲ್ಲ ಹಂಚಿಯೂ ಆಗಿತ್ತು.

ಗುರುವಾರ ಸಂಜೆ ಹುಡುಗ ಓಡಿಬಂದು ತನ್ನ ಕಾಗದಗಳನ್ನು ಮಾಸ್ತರರ ಮೇಜಿನ ಮೇಲಿಟ್ಟ. ಹೈಸ್ಕೂಲಿನ ಕ್ಲಾರ್ಕು ಎಲ್ಲವನ್ನೂ ವಾಪಸು ಮಾಡಿದ್ದ. ಶಾಲೆ ಬಿಟ್ಟ ಸರ್ಟಿಫಿಕೇಟಿನಲ್ಲಿ ಅಪ್ಪಣ್ಣ ಶಂಕ್ರೆಪ್ಪ ಎಂದಿತ್ತು. ಅಪ್ಪ ಊರಿಗೆ ಹೋಗುವ ಮುಂಚೆ ಗಿರಣಿಯ ಆಫೀಸಿನಲ್ಲಿ ಬರೆಸಿಟ್ಟಿದ್ದ ಫೀ ಮಾಫಿಯ ಅರ್ಜಿಯಲ್ಲಿ ಸಿದ್ದರಾಮಪ್ಪ ಶಂಕ್ರೆಪ್ಪ ಎಂದಿತ್ತು. ಹೋದ ವರ್ಷ ಯಾರೋ ಬೇರೆಯವರ ಮಗನ ಸರ್ಟಿಫಿಕೇಟು ತಂದು ಮೋಸ ಮಾಡಿದ್ದರಿಂದ ಹೆಡ್ ಮಾಸ್ತರರು ಕಟ್ಟುನಿಟ್ಟಾಗಿದ್ದರು. ಶನಿವಾರ ಹನ್ನೆರಡರೊಳಗೆ ಮನೆಯ ಹಿರಿಯರೊಬ್ಬರು ಬಂದು, ಹುಡುಗನ ನಿಜವಾದ ಹೆಸರನ್ನು ತಮ್ಮ ಬಾಯಿಂದಲೇ ಹೇಳಬೇಕು. ಹೇಳದಿದ್ದರೆ ಸೀಟು ಮುಂದಿನವನಿಗೆ.

"ನಿನ್ನ ಹೆಸರು ಯಾವುದೋ?" ಎಂದು ಮಾಸ್ತರರು ಗದರಿದರು.

"ಸಿದ್ದರಾಮಪ್ಪ ಅಂತರೀ ಸರ್. ನಮ್ಮ ಮುತ್ಯಾನ ಹೆಸರು. ಆದ್ರ ಮನ್ಯಾಗ ಯಾರೂ ಕರಿಯೂದಿಲ್ಲ."

ಮಾಸ್ತರರಿಗೆ ಆಗ ಹೊಳೆಯಿತು. ಹೊಳೆದ ಮೇಲೆ ಕೂರಲಾಗಲಿಲ್ಲ. ಕಪಾಟು ತೆಗೆದು ನಲವತ್ತೇಳನೆಯ ಇಸವಿಯ ಹಾಜರಿ ಪುಸ್ತಕವನ್ನು ಹುಡುಕಿದರು. ಹದಿನೇಳನೆಯ ಸಾಲಿನಲ್ಲಿ ಅಪ್ಪಣ್ಣ ಎಂದು ದುಂಡಗೆ ಬರೆದಿತ್ತು. ಅಕ್ಷರ ಅವರದೇ.

ಮಾಸ್ತರರು ಮೈಸೂರಿನಿಂದ ಬಂದು ತಿಂಗಳೂ ಆಗಿರಲಿಲ್ಲ ಆಗ. ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬಳು ಮಗನನ್ನು ತಂದು ನಿಲ್ಲಿಸಿದ್ದಳು. ಹೆಸರು ಕೇಳಿದರೆ ನೆಲ ನೋಡಿದಳು. ಮನೆಯಲ್ಲಿ ಏನೆಂದು ಕರೆಯುತ್ತೀರಿ ಎಂದರೆ, ಅಪ್ಪಣ್ಣ ಎಂದಳು. ಮೈಸೂರ ಕಡೆ ಅಪ್ಪಣ್ಣ ಎಂಬುದು ಲಕ್ಷಣವಾದ ಹೆಸರು, ಬರೆದುಬಿಟ್ಟರು. ಸತ್ತ ಮಾವನ ಹೆಸರನ್ನು ಮಗನಿಗಿಟ್ಟ ಮೇಲೆ ಸೊಸೆ ಆ ಹೆಸರನ್ನು ನಾಲಿಗೆಯ ಮೇಲೆ ತರುವುದಿಲ್ಲ, ಮಗನನ್ನು ಅಪ್ಪಣ್ಣನೆಂದೋ ಮುತ್ಯಾ, ಅಂದರೆ ಅಜ್ಜ, ಎಂದೋ ಕರೆಯುತ್ತಾಳೆ ಎಂಬುದು ಅವರಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ತಿಳಿದ ಮೇಲಾದರೂ ಹಳೆಯ ಪುಸ್ತಕ ತೆರೆದು ನೋಡಬೇಕೆಂದು ಅನ್ನಿಸಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯಲ್ಲಿ ಬಿತ್ತಂತೆ.

ಶುಕ್ರವಾರ ಬೆಳಿಗ್ಗೆ ಆರೂವರೆಗೇ ಶಂಕ್ರೆಪ್ಪನ ಖೋಲಿಯ ಮುಂದೆ ನಿಂತಿದ್ದರು. ಶಂಕ್ರೆಪ್ಪ ಬಿತ್ತಿಗೆಗೆಂದು ವಿಜಾಪುರದ ಕಡೆ ಹೋಗಿದ್ದ. ತಂತಿ ಕೊಟ್ಟರೂ ಆ ಹಳ್ಳಿಗೆ ತಲುಪಲು ಎರಡು ದಿನ ಬೇಕು. ಒಳಗೆ ಇದ್ದವರು ಹುಡುಗ, ಅವನ ತಾಯಿ ಮಲ್ಲವ್ವ, ಅಜ್ಜಿ ರುದ್ರವ್ವ. ಮಾಸ್ತರರು ಟ್ರಂಕಿನ ಮೇಲೆ ಕೂತು ವಿಷಯ ಹೇಳಿದರು. ಹೆಸರು ತಪ್ಪಾಗಿದೆ ಎಂದರೇ ಹೊರತು ಯಾರಿಂದ ತಪ್ಪಾಯಿತು ಎಂದು ಹೇಳಲಿಲ್ಲ.

"ಎಲ್ಲಾ ನನ್ನಿಂದ ಆತ್ರಿ," ಎಂದಳು ಮಲ್ಲವ್ವ. "ಅವತ್ತ ನಾನೇ ಹಂಗ ಹೇಳೀನಿ."

ಮಾಸ್ತರರು ಎದ್ದು ಕಿಟಕಿಯ ತನಕ ಹೋಗಿ ಬಂದರು. ಎಂಟಡಿಯ ಖೋಲಿಯಲ್ಲಿ ಹೋಗುವುದೆಷ್ಟು, ಬರುವುದೆಷ್ಟು!

"ಆದದ್ದು ಆಯಿತಮ್ಮ. ನಾಳೆ ಒಂದೇ ಒಂದು ಮಾತು ಹೇಳಿದರೆ ಸಾಕು. ಈಗ ನಾನೇ ಹೆಡ್ ಮಾಸ್ತರು ಅಂದುಕೊಳ್ಳಿ. ಹುಡುಗನ ಹೆಸರೇನು?"

ಮಲ್ಲವ್ವ ಸೆರಗು ಕಚ್ಚಿಕೊಂಡಳು. ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆಯ ಕಡೆ ನೋಡಿದಳು.

"ಮೆಲ್ಲಗೆ ಹೇಳಿ, ನನಗೆ ಕೇಳಿಸಿದರೆ ಸಾಕು."

"ಸಿ..." ಎಂದಳು. ಅಷ್ಟಕ್ಕೇ ಮುಖ ಬೆವರಿತು. "ಆಗೂದಿಲ್ರಿ ಮಾಸ್ತರ. ನಾಲಿಗಿ ಹೊರಳೂದಿಲ್ಲ."

ಮಾಸ್ತರರಿಗೆ ರೇಗಿತು. ಮಗನ ಬಾಳಿಗಿಂತ ಮಾವನ ಹೆಸರು ಹೆಚ್ಚೇ ಎಂದು ಕೇಳಬೇಕೆನ್ನಿಸಿತು. ಬಾಯಿಯ ತನಕ ಬಂದದ್ದನ್ನು ನುಂಗಿಕೊಂಡರು. ಒಂದು ವಾಕ್ಯ ಆಡಲಾಗದೆ ತಾವೂ ಕೂತಿರುವಾಗ ಅವಳಿಗೆ ಬುದ್ಧಿ ಹೇಳುವ ಬಾಯಿ ಎಲ್ಲಿಂದ ಬರಬೇಕು? ಅಜ್ಜಿಯನ್ನು ಕೇಳುವುದಂತೂ ವ್ಯರ್ಥ. ಸೊಸೆಗೆ ಮಾವನ ಹೆಸರಾದರೆ ಅವಳಿಗೆ ಗಂಡನದೇ ಹೆಸರು.

ಆ ದಿನವಿಡೀ ಅವರು ಪಾಠ ಮಾಡಿದ್ದೇನೋ ದೇವರಿಗೇ ಗೊತ್ತು. ಯಾರಾದರೂ ರಿಜಿಸ್ಟರ್ ಎಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಇವರ ಮೇಲೆ ಮೊದಲೇ ಕಣ್ಣಿಟ್ಟಿದ್ದ ಶಾಲಾ ಇನ್ಸ್‌ಪೆಕ್ಟರಿಗೆ ಗೊತ್ತಾದರೆ ಬಡ್ತಿ ತಪ್ಪುವುದು ಖಂಡಿತ. ಮುಚ್ಚಿಟ್ಟರೆ ಹುಡುಗನ ಸೀಟು ಉಳಿಯುತ್ತದೆಯೇ? ಅದೂ ಇಲ್ಲ. ಸಂಜೆಯ ಲೋಕಲ್‌ನಲ್ಲಿ ಸೀಟು ಸಿಕ್ಕರೂ ಮುಲುಂಡಿನ ತನಕ ನಿಂತೇ ಹೋದರು.

ಶನಿವಾರ ಹನ್ನೊಂದಕ್ಕೆ ದಾದರಿನ ಟ್ರಾಮಿನಿಂದ ನಾಲ್ವರು ಇಳಿದರು. ಬೇಡವೆಂದರೂ ರುದ್ರವ್ವ ಹೊರಟು ಬಂದಿದ್ದಳು. ಅತ್ತೆ ಬೆನ್ನ ಹಿಂದೆ ಇದ್ದರೆ ಸೊಸೆ ಬಾಯಿ ತೆರೆದಂತೆಯೇ ಎಂದು ಮಾಸ್ತರರು ಒಳಗೊಳಗೇ ಕುದಿಯುತ್ತಿದ್ದರು.

ಹೆಡ್ ಮಾಸ್ತರರು ಪುಣೆ ಕಡೆಯ ಹಿರಿಯರು, ಕರಿಯ ಟೊಪ್ಪಿಗೆಯವರು. ಮಾಸ್ತರರು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ತಡೆದರು. ಕಾಗದಗಳನ್ನು ಬೋರಲು ಹಾಕಿ ಮಲ್ಲವ್ವನ ಕಡೆ ತಿರುಗಿದರು.

"ಬಾಯೀ, ಮುಲಾಚಂ ನಾವ ಕಾಯ?"

ಪರೇಲಿನಲ್ಲಿ ಹದಿನಾಲ್ಕು ವರ್ಷ ಕಳೆದವಳಿಗೆ, ಹುಡುಗನ ಹೆಸರೇನು ಎಂಬಷ್ಟು ಮರಾಠಿ ತಿಳಿಯದೇ? ಆದರೂ ಅವಳು ನೆಲ ನೋಡಿದಳು. ಗೋಡೆಯ ಗಡಿಯಾರ ಟಕಟಕ ಎನ್ನುತ್ತಿತ್ತು. ಹುಡುಗ ಅಮ್ಮನ ಸೆರಗನ್ನು ಜಗ್ಗಿದ. ಅವಳ ಕಣ್ಣಿನಿಂದ ನೀರು ಇಳಿಯಿತು.

"ಹೆತ್ತವಳಿಗೇ ಮಗನ ಹೆಸರು ಗೊತ್ತಿಲ್ಲವೆಂದರೆ ನಾನೇನು ಮಾಡಲಿ?" ಎಂದು ಹೆಡ್ ಮಾಸ್ತರರು ಮರಾಠಿಯಲ್ಲೇ ಹೇಳಿ ಕಾಗದಗಳನ್ನು ಒಟ್ಟುಮಾಡಿದರು.

ಆಗ ರುದ್ರವ್ವ ಮುಂದೆ ಬಂದಳು. ಬರಿದಾದ ಹಣೆಯ ಮೇಲೆ ಸೆರಗು ಎಳೆದುಕೊಂಡಳು. ಕೈಗಳನ್ನು ಮುಂದೆ ಕಟ್ಟಿ, ಮದುವೆಯ ಮನೆಯಲ್ಲಿ ಹೊಸ್ತಿಲು ತುಳಿಯುವ ಮುಂಚೆ ನಿಲ್ಲುವ ಮದುಮಗಳ ಹಾಗೆ ನಿಂತಳು. ದನಿ ಮೊದಲು ಒಡೆಯಿತು. ಮತ್ತೆ ಹಿಡಿದು ಹೇಳಿದಳು:

"ಹೊಲದ ದಂಡ್ಯಾಗ ಬನ್ನಿ ಗಿಡ, ಗಿಡದ ಬುಡಕ ಬುತ್ತಿ ಗಂಟ,
ಸಿದ್ದರಾಮಪ್ಪನ ಹೆಸರು ಹೊತ್ತು ನನ್ನ ಮೊಮ್ಮಗ ಸಾಲಿಗಿ ಹೊಂಟ."

ಅದು ಒಡಪು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಲು ಆ ಸೀಮೆಯಲ್ಲಿರುವುದು ಅದೊಂದೇ ದಾರಿ. ಅದೂ ಮುತ್ತೈದೆಯರಿಗೆ ಮಾತ್ರ. ಗಂಡ ಸತ್ತು ಹದಿನೈದು ವರ್ಷವಾದ ಮೇಲೆ ಒಡಪು ಹೇಳಿದ ಹೆಂಗಸನ್ನು ಮಲ್ಲವ್ವ ಕಂಡಿರಲಿಲ್ಲ. ಅತ್ತೆಯ ತೋಳು ಹಿಡಿದುಕೊಂಡು ಬಿಕ್ಕಿದಳು. ಹೆಡ್ ಮಾಸ್ತರರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಅವರ ಸೀಮೆಯ ಹೆಂಗಸರೂ ಹೀಗೇ ಕಟ್ಟಿ ಹೇಳುವವರೇ. ಒಡಪಿನ ಧಾಟಿ ಕೇಳುತ್ತಲೇ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟಿದ್ದರು. ಹೆಸರು ಕಿವಿಗೆ ಬಿದ್ದೊಡನೆ ಕಾಗದ ತಿರುಗಿಸಿ ನೋಡಿದರು.

"ಸರಿಯಾಗಿದೆ. ಹಾಗಾದರೆ ಅಪ್ಪಣ್ಣ ಎಂದು ಬರೆದವರು ಯಾರು? ಅದನ್ನೂ ನಮೂದಿಸಬೇಕಾಗುತ್ತದೆ."

"ನಂದೇ ತಪ್ಪರಿ..." ಎಂದು ಮಲ್ಲವ್ವ ಶುರುಮಾಡಿದಳು.

"ಅಲ್ಲ," ಎಂದರು ಕೇಶವಮೂರ್ತಿ. ತಮ್ಮ ದನಿ ತಮಗೇ ಜೋರಾಗಿ ಕೇಳಿಸಿತು. "ನಾನು ಬರೆದದ್ದು. ಕೇಳಿ ತಿಳಿದುಕೊಳ್ಳದೆ ಬರೆದೆ. ಗುರುವಾರದಿಂದ ಗೊತ್ತಿದ್ದೂ ಇವರಿಗೆ ಹೇಳಲಿಲ್ಲ. ನನ್ನ ಹೆಸರನ್ನೇ ಹಾಕಿ." ರುದ್ರವ್ವನ ಮುಖ ನೋಡಲಾಗದೆ, "ಅಜ್ಜಿ, ನನ್ನಿಂದಾಗಿ ನಿಮಗೆ ಇದೆಲ್ಲ..." ಎಂದರು.

"ಗೊತ್ತೈತ್ರೀ ಮಾಸ್ತರ," ಎಂದಳು ರುದ್ರವ್ವ. "ಅವತ್ತ ಬರದು, ಎಲ್ಲಾರಿಗೂ ಕೇಳೂಹಂಗ ಓದಿದ್ರಿ. ನಾ ಬಾಗಲದಾಗ ನಿಂತಿದ್ದೆ. ಹೆಸರು ತಪ್ಪೈತಿ ಅಂತ ಗೊತ್ತಿತ್ತು. ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಏಳು ವರ್ಷ ಎದಿಯಾಗ ಇಟಗೊಂಡು ಕುಂತೆ."

ಹೆಡ್ ಮಾಸ್ತರರು ದೊಡ್ಡ ಪುಸ್ತಕ ತೆರೆದು ಬರೆಯತೊಡಗಿದರು. ಮುಗಿಸಿ ಮಸಿ ಆರಲೆಂದು ಒತ್ತುಕಾಗದ ಒತ್ತಿದರು. ರುದ್ರವ್ವ ಮೇಜಿನ ಹತ್ತಿರಕ್ಕೆ ಸರಿದು ಆ ಸಾಲನ್ನು ಬೆರಳಿನಿಂದ ತೋರಿಸಿದಳು.

"ಏನ ಬರದಾರ, ಓದ್ರಿ."

ಮಾಸ್ತರರು ಬಗ್ಗಿ, ಒಂದೊಂದೇ ಅಕ್ಷರ ಬಿಡಿಸಿ, ಎಲ್ಲರಿಗೂ ಕೇಳುವಂತೆ ಓದಿದರು.

"ಸಿದ್ದರಾಮಪ್ಪ ಶಂಕ್ರೆಪ್ಪ."

ಮುದುಕಿ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಹೂಂ," ಎಂದಳು. "ಈ ಸಲ ಸರಿ ಬರದಾರ."