ಮಾವನ ಏರ್‌ಗನ್ನಿಗೆ ಗಟ್ಟಿ ಬಣ್ಣ

ಚನ್ನವೀರಪ್ಪನವರು ತಮ್ಮ ಏರ್‌ಗನ್ನನ್ನು ಅಳಿಯನ ಮನೆಯಲ್ಲಿ ಬಿಟ್ಟುಹೋದದ್ದು ಅಳಿಯನ ಮೇಲಿನ ನಂಬಿಕೆಯಿಂದಲ್ಲ. ಹಾವೇರಿ ಬಸ್ಸಿನ ಕಂಡಕ್ಟರ್ ಅದನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ, ಅಷ್ಟೇ. "ಅಳಿಯಂದಿರ, ಇದು ಲ್ಯಾಪ್‌ಟಾಪ್ ಅಲ್ರಿ. ಜ್ವಾಕಿ" ಎಂದು ಹೇಳಿ ಹೋದರು.

ಅಳಿಯ ಮಲ್ಲಿಕ್‌ಗೆ ಆ ಮಾತು ಚುಚ್ಚಿತು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಅವನು ಟೆಸ್ಟಿಂಗ್ ವಿಭಾಗದ ಮುಖ್ಯಸ್ಥ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ಹುಳುಕು ಹುಡುಕುವುದಕ್ಕೇ ಅವನಿಗೆ ಸಂಬಳ. ಆದರೂ ಮಾವನ ಕಣ್ಣಿಗೆ ಅವನು ಒಂದು ಮೊಳೆ ನೆಟ್ಟಗೆ ಹೊಡೆಯಲು ಬಾರದ ಮನುಷ್ಯ. ಮದುವೆಯಾಗಿ ಇಷ್ಟು ವರ್ಷವಾದರೂ ಅವರ ಬಾಯಿಂದ ಒಂದು 'ಭೇಷ್' ಬಂದಿರಲಿಲ್ಲ. ಅದು ಬೇಕೆಂದು ಮಲ್ಲಿಕ್ ಯಾರಿಗೂ ಹೇಳಿಕೊಂಡಿರಲಿಲ್ಲ, ಆದರೆ ಅದು ಅವನಿಗೆ ಬಹಳ ಬೇಕಾಗಿತ್ತು.

ಆಯುಧಪೂಜೆಯ ದಿನ ಅವನ ತಾಯಿ ಶಿವಲಿಂಗಮ್ಮ ಕಾರು, ಲ್ಯಾಪ್‌ಟಾಪ್, ಮಿಕ್ಸಿಗಳ ಜೊತೆಗೆ ಏರ್‌ಗನ್ನಿನ ನಳಿಗೆಗೂ ಮೂರು ಬೆರಳಿನಲ್ಲಿ ಒದ್ದೆ ವಿಭೂತಿ ಬಳಿದರು. ಲ್ಯಾಪ್‌ಟಾಪಿನದನ್ನು ಮಲ್ಲಿಕ್ ಮರುದಿನವೇ ಗುಟ್ಟಾಗಿ ಒರೆಸಿಕೊಂಡ. ಗನ್ನಿನದನ್ನು ಒರೆಸಲು ಯಾರಿಗೂ ಧೈರ್ಯ ಬರಲಿಲ್ಲ, ಶಿವನ ವಿಭೂತಿ ನೋಡಿ. ಕೆಲವು ತಿಂಗಳಾದ ಮೇಲೆ, ಗನ್ನು ಒಯ್ಯಲು ಕಾರು ಮಾಡಿಕೊಂಡು ಬರುತ್ತೇನೆಂದು ಮಾವ ಫೋನ್ ಮಾಡಿದಾಗ, ಸುತ್ತಿಟ್ಟಿದ್ದ ಬಟ್ಟೆ ಬಿಚ್ಚಿ ನೋಡಿದರೆ ವಿಭೂತಿ ಉದುರಿಹೋಗಿತ್ತು. ಅದರ ಜಾಗದಲ್ಲಿ ಕೆಂಪು ತುಕ್ಕು ಮೂರು ಗೆರೆಯಾಗಿ ಮೂಡಿತ್ತು.

"ಅಪ್ಪ ಏನಂತಾರೋ" ಎಂದಳು ಹೆಂಡತಿ ಸ್ಫೂರ್ತಿ.

"ಹೊಸದರಂಗೆ ಮಾಡಿ ಕೊಡ್ತೀನಿ, ನೋಡ್ತಿರು" ಎಂದ ಮಲ್ಲಿಕ್.

ಮೊದಲು ಮೆಟ್ರೊ ಹಿಡಿದು ಪೀಣ್ಯಕ್ಕೆ ಹೋದ. ಅಲ್ಲಿ ಪೌಡರ್ ಕೋಟಿಂಗ್ ಮಾಡುವವರು, ಬಣ್ಣ ಕೂರಬೇಕಾದರೆ ಒಲೆಯಲ್ಲಿ ಬೇಯಿಸಬೇಕು, ಒಳಗಿನ ಸ್ಪ್ರಿಂಗು, ವಾಷರು ಎಲ್ಲ ಬಿಚ್ಚಿಕೊಂಡು ಬನ್ನಿ ಎಂದರು. ಬಿಚ್ಚಿದ್ದನ್ನು ಮತ್ತೆ ಜೋಡಿಸುವ ಯೋಚನೆಗೇ ಮಲ್ಲಿಕ್ ಅಲ್ಲಿಂದ ಕಾಲ್ತೆಗೆದ. ನಾಗಸಂದ್ರದಲ್ಲಿ ಲೋಕೇಶ ಎಂಬವನ ಬಣ್ಣದ ಅಂಗಡಿ ಹೊಕ್ಕ.

"ಟೂ ಪ್ಯಾಕ್ ಎಪಾಕ್ಸಿ ತಗೊಳ್ಳಿ ಸಾರ್, ಕಲ್ಲು ಇದ್ದಂಗೆ. ಆದ್ರೆ ಪೂರ್ತಿ ಗಟ್ಟಿಯಾಗೋಕೆ ಒಂದು ವಾರ ಬಿಡ್ಬೇಕು" ಎಂದ ಲೋಕೇಶ. "ಅರ್ಜೆಂಟಾ? ಹಂಗಾದ್ರೆ ಇಂಜಿನ್ ಪೇಂಟು. ಇಲ್ಲಾಂದ್ರೆ ಈ ಸ್ಪ್ರೇ, ಸಕ್ಕತ್ ಮೂವಿಂಗು, ಎಲ್ಲಾರೂ ಇದನ್ನೇ ಒಯ್ತಾರೆ. ಯಾವ್ದೇ ಆಗ್ಲಿ, ಜಿಡ್ಡು ತೆಗ್ದು ಮೊದ್ಲು ಪ್ರೈಮರ್ ಹೊಡೀಲೇಬೇಕು ಸಾರ್, ಇಲ್ಲಾಂದ್ರೆ ಬಣ್ಣ ಹಿಡಿಯಲ್ಲ."

ಮಲ್ಲಿಕ್ ಮೂರನ್ನೂ ಕೊಂಡ, ಬಣ್ಣ ಕರಗಿಸುವ ಥಿನ್ನರನ್ನೂ ಕೊಂಡ. ಪ್ರೈಮರ್ ಮಾತ್ರ ವ್ಯಾಪಾರಿಯ ಗಿಮಿಕ್ಕು ಎಂದು ಬಿಟ್ಟುಬಂದ. ಯಾರದೋ ಬಾಯಿಮಾತಿನ ಮೇಲೆ ಬಣ್ಣ ಆರಿಸುವುದು ಅವನ ವೃತ್ತಿಧರ್ಮಕ್ಕೆ ಒಗ್ಗದ ವಿಷಯ. ಪರೀಕ್ಷೆಯಾಗಲೇಬೇಕು. ಎಪಾಕ್ಸಿಯನ್ನು ಬಾಲ್ಕನಿಯ ಚಿಲಕಕ್ಕೆ ಬಳಿದ. ಒಂದು ವಾರ ಕಳೆಯುವ ಮೊದಲೇ ಸ್ಫೂರ್ತಿ ಬಟ್ಟೆ ಒಣಹಾಕಲು ಹೋಗಿ ಚಿಲಕ ಎಳೆದಳು, ಎಪಾಕ್ಸಿ ಫೇಲಾಯಿತು. ಇಂಜಿನ್ ಪೇಂಟನ್ನು ಸ್ಕೂಟರಿನ ಸ್ಟ್ಯಾಂಡಿಗೆ ಹೊಡೆದ, ಅದು ಪಾರ್ಕಿಂಗ್ ನೆಲಕ್ಕೇ ಹೆಚ್ಚು ಅಂಟಿತು. ಉಳಿದ ಸ್ಪ್ರೇಯನ್ನು ಪರೀಕ್ಷಿಸಲು, ಮನುಷ್ಯರ ಕೈ ದಿನಾ ಬಿಗಿಯಾಗಿ ಹಿಡಿಯುವ ವಸ್ತು ಬೇಕಾಗಿತ್ತು. ಅಂಥದ್ದು ಆ ಮನೆಯಲ್ಲಿ ಒಂದೇ ಇತ್ತು: ಶಿವಲಿಂಗಮ್ಮ ಚಟ್ನಿಪುಡಿ ಕುಟ್ಟುವ ಕಬ್ಬಿಣದ ಹಾರೆ. ಮಿಕ್ಸಿಯಲ್ಲಿ ಮಾಡಿದ ಪುಡಿಯನ್ನು ಅವರು ನಾಲಿಗೆಗೆ ಸೋಕಿಸುತ್ತಿರಲಿಲ್ಲ.

ಅವರು ಲಿಂಗಪೂಜೆಗೆ ಕೂತಿದ್ದಾಗ ಮಲ್ಲಿಕ್ ಹಾರೆಯ ಮೇಲ್ಭಾಗಕ್ಕೆ, ಕೈ ಹಿಡಿಯುವಲ್ಲಿ ಮಾತ್ರ, ಸ್ಪ್ರೇ ಹೊಡೆದು ಒಣಗಿಸಿಟ್ಟ. ಆ ವಾರವೆಲ್ಲ ಅವರು ಗುರೆಳ್ಳು, ಅಂದರೆ ಹುಚ್ಚೆಳ್ಳಿನ ಪುಡಿ ಕುಟ್ಟಿದರು. ಮಲ್ಲಿಕ್ ದಿನಾ ತಟ್ಟೆಗೆ ಪುಡಿ ಹಾಕಿಸಿಕೊಂಡು, ಬೆರಳಿನಿಂದ ಹರಡಿ, ಬಣ್ಣದ ಚೂರು ಉದುರಿದೆಯೇ ಎಂದು ಕಣ್ಣರಳಿಸಿ ನೋಡಿದ. ಒಂದು ಚೂರೂ ಕಾಣಲಿಲ್ಲ. ಹಾರೆಯನ್ನು ನೋಡಿದ, ಅದೂ ಮೊದಲಿನಂತೆ ಕಪ್ಪಗೇ ಇತ್ತು. ಬಣ್ಣ ಪಾಸಾಯಿತೆಂದು ಘೋಷಿಸಿ, ತುಕ್ಕು ಉಜ್ಜಿ, ಇಡೀ ನಳಿಗೆಗೆ ಅದೇ ಸ್ಪ್ರೇ ಹೊಡೆದ.

ಭಾನುವಾರ ಚನ್ನವೀರಪ್ಪನವರು ಬಂದರು. ಗನ್ನನ್ನು ತಾರಸಿಗೆ ಒಯ್ದು, ನಳಿಗೆ ಹಿಡಿದು ಬಗ್ಗಿಸಿ, ಖಾಲಿ ಡಬ್ಬಿಗೆ ಗುರಿಯಿಟ್ಟು ಹೊಡೆದರು. ಕೆಳಗಿಳಿದು ಬಚ್ಚಲುಮನೆಯಲ್ಲಿ ಬಹಳ ಹೊತ್ತಿದ್ದು, ಬಂದು ಊಟಕ್ಕೆ ಕೂತರು.

"ಭಾಳ ಚಲೋ ಮಾಡೀರಿ ಅಳಿಯಂದಿರ" ಎಂದರು. "ಹೊಸಾದು ಆಗೇತಿ."

ಮಲ್ಲಿಕ್ ಬೆನ್ನು ನೆಟ್ಟಗೆ ಮಾಡಿ ಕೂತ. ಸ್ಫೂರ್ತಿ ಗಂಡನತ್ತ ಹೆಮ್ಮೆಯಿಂದ ನೋಡಿದಳು. ಆ ಖುಷಿಗೆ ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

"ಬೀಗರು ಬಂದಾರಂತ ಇವತ್ತ ಶೇಂಗಾ ಪುಡಿ ಕುಟ್ಟೀನ್ರಿ" ಎಂದು ಶಿವಲಿಂಗಮ್ಮ ಎಲ್ಲರ ತಟ್ಟೆಗೂ ಬಡಿಸಿದರು.

ಶೇಂಗಾ ಪುಡಿ ತಿಳಿಬಣ್ಣದ್ದು. ಅದರ ತುಂಬ ಕಪ್ಪು ಚುಕ್ಕೆಗಳಿದ್ದವು.

"ಎಳ್ಳು ಹಾಕೀರೇನ್ರಿ?" ಎಂದು ಕೇಳಿದ ಚನ್ನವೀರಪ್ಪನವರು, ಪುಡಿಗೆ ಮೊಸರು ಕಲಸಿ ರೊಟ್ಟಿ ಮುರಿದರು.

ಮಲ್ಲಿಕ್‌ಗೆ ಒಮ್ಮೆಲೇ ಎಲ್ಲ ಹೊಳೆಯಿತು. ಕಪ್ಪು ಹಾರೆಯ ಮೇಲೆ ಕಪ್ಪು ಬಣ್ಣ, ಕಪ್ಪು ಗುರೆಳ್ಳಿನಲ್ಲಿ ಕಪ್ಪು ಚೂರು! ಊರಿನವರ ಹುಳುಕು ಹುಡುಕುವವನು ಇಡೀ ವಾರ ತಟ್ಟೆಯ ಮುಂದೆ ಕುರುಡನಾಗಿ ಕೂತಿದ್ದ. ಬಾಯಿ ಬಿಟ್ಟರೆ ಈಗಷ್ಟೇ ಸಿಕ್ಕ ಭೇಷ್ ಹೋಯಿತು. ಬಿಡದಿದ್ದರೆ ಗನ್ನಿನ ಬಣ್ಣ ಹಾವೇರಿಯಲ್ಲಿ ಏಳುತ್ತದೆ, ತಪ್ಪನ್ನು ದಾರಿಯ ಧೂಳು, ಕುಲುಕಾಟದ ಮೇಲೆ ಹೊರಿಸಬಹುದು. ವಾರವಿಡೀ ತಿಂದ ನಮಗೇ ಏನೂ ಆಗಿಲ್ಲ, ಒಂದು ತುತ್ತಿಗೆ ಏನಾದೀತು ಎಂದೂ ಯೋಚಿಸಿಬಿಟ್ಟ, ಪುಣ್ಯಾತ್ಮ. ತುತ್ತು ಮಾವನ ಬಾಯಿಯ ಹತ್ತಿರ ಹೋಯಿತು.

"ತಿನ್ನಬ್ಯಾಡ್ರಿ ಮಾವಾರ!" ಎಂದು ಕಿರುಚಿದ. "ಅದು ಎಳ್ಳಲ್ಲ, ಗನ್ನಿನ ಬಣ್ಣ!"

ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟ. ವಿಭೂತಿ, ತುಕ್ಕು, ಬಿಟ್ಟುಬಂದ ಪ್ರೈಮರ್, ಹಾರೆ, ಗುರೆಳ್ಳು. ಕೊನೆಗೆ, ನಳಿಗೆಯ ಬಣ್ಣವೂ ನಿಲ್ಲುವುದಿಲ್ಲ ಎಂದು ತಲೆತಗ್ಗಿಸಿದ.

ಸ್ಫೂರ್ತಿ ತಟ್ಟೆಯನ್ನು ದೂರ ತಳ್ಳಿದಳು. ಶಿವಲಿಂಗಮ್ಮ ಮಗನನ್ನೇ ದಿಟ್ಟಿಸಿದರು. "ನಿನ್ನ ಪರೀಕ್ಷಾಕ್ಕ ನನ್ನ ಹಾರೀನ ಬೇಕಾಗಿತ್ತೇನೋ, ಖೋಡಿ? ನಾಳಿ ಎಲ್ಲಾರೂ ಡಾಕ್ಟರ ಕಡೆ ನಡೀರಿ."

ಚನ್ನವೀರಪ್ಪನವರು ತುತ್ತನ್ನು ತಟ್ಟೆಯಲ್ಲಿಟ್ಟರು. ಆಮೇಲೆ, ಊಟ ಶುರುವಾದಾಗಿನಿಂದ ಮೇಜಿನ ಕೆಳಗೇ ಇದ್ದ ಎಡಗೈಯನ್ನು ನಿಧಾನವಾಗಿ ಮೇಲೆತ್ತಿ ತೋರಿಸಿದರು. ಅಂಗೈ ಕಾಡಿಗೆ ಬಳಿದಂತೆ ಕರ್ರಗಿತ್ತು.

"ನಳಿಗಿ ಬಗ್ಗಿಸಿದ ಕೂಡ್ಲೇ ಬಂತ್ರಿ. ಸೋಪು ಹಚ್ಚಿ ಹಚ್ಚಿ ತಿಕ್ಕೀನಿ. ಗನ್ನಿನ ಮ್ಯಾಲ ನಿಲ್ಲಲಿಲ್ಲ ಖರೆ, ಕೈಮ್ಯಾಲ ಮಾತ್ರ ಗಟ್ಟಿ ನಿಂತೈತಿ."

"ಮತ್ತ ಚಲೋ ಮಾಡೀರಿ ಅಂತ ಯಾಕಂದ್ರಿ?" ಎಂದು ಕೇಳಿದ ಮಲ್ಲಿಕ್.

"ಇಷ್ಟ ಕಷ್ಟಪಟ್ಟೀರಿ. ನನ್ನ ಮಗಳ ಮುಂದ ನಿಮ್ಮ ಮಾರಿ ಸಣ್ಣ ಮಾಡಬಾರದು ಅನ್ನಿಸ್ತು."

ಮಲ್ಲಿಕ್‌ಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಮಾವನ ಮೇಲೆ ಪ್ರೀತಿ ಉಕ್ಕಿತು. ಕೈತೊಳೆದು, ಥಿನ್ನರಿನ ಬಾಟಲಿ, ಹಳೇ ಬನಿಯನ್ ತಂದು ಅವರ ಪಕ್ಕದಲ್ಲಿ ಕೂತ. ಆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆರಳಿನಿಂದ ಬೆರಳಿಗೆ, ಉಗುರಿನ ಸಂದಿಯನ್ನೂ ಬಿಡದೆ, ಉರಿಯದ ಹಾಗೆ ಮೆಲ್ಲಗೆ ಒರೆಸುತ್ತ ಹೋದ. ಚನ್ನವೀರಪ್ಪನವರು ಬಿಳಿಯಾದ ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಇದನ್ನ ಚಲೋ ಮಾಡೀರಿ" ಎಂದರು. "ಈ ಸಲ ಖರೇನ ಹೇಳಾಕತ್ತೀನ್ರಿ."