ಬಿಸಿ ಆರದ ಹಾಸಿಗೆ

ಪರದೇಶದ ಆ ಕೋಣೆಯಲ್ಲಿ ಅಕ್ಕತಂಗಿಯರಿಬ್ಬರಿಗೂ ಸೇರಿ ಒಂದೇ ಹಾಸಿಗೆ. ಇಬ್ಬರೂ ಕೆಳಗಿನ ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸದವರು. ತಂಗಿಯದು ಹಗಲು ಪಾಳಿ, ಅಕ್ಕನದು ರಾತ್ರಿ ಪಾಳಿ. ರಜೆಯ ಮಾತೇ ಇಲ್ಲ. ಒಬ್ಬಳು ಎದ್ದು ಹೋದ ಜಾಗದಲ್ಲಿ ಇನ್ನೊಬ್ಬಳು ಬಂದು ಮಲಗಬೇಕು. “ಹಾಸಿಗೆ ಬಿಸಿ ಆರಬಾರದು” ಎನ್ನುವುದು ಅವರನ್ನು ಕರೆತಂದ ದೊಡ್ಡಪ್ಪನ ಕಟ್ಟಪ್ಪಣೆ. ಅವರ ಊರಿನ ಕಡೆಯಿಂದ ಬಂದವರೆಲ್ಲ ಅದನ್ನು ಶಾಸ್ತ್ರದಂತೆ ಪಾಲಿಸುತ್ತಿದ್ದರು. ಯಾಕೆಂದು ಕೇಳಿದವರು, ಪಾಪ, ಒಬ್ಬರೂ ಇಲ್ಲ.

ಲಾಂಡ್ರಿಗೆ ಒಳಹೋಗುವ ಬಾಗಿಲೇ ಬೇರೆ, ಹೊರಬರುವ ಬಾಗಿಲೇ ಬೇರೆ. ಹಾಗಾಗಿ ತಂಗಿ ಅಕ್ಕನ ಮುಖ ನೋಡಿ ಎಷ್ಟೋ ದಿನವಾಗಿತ್ತು. ಅಕ್ಕ ಕೆಮ್ಮಿನ ಕಾಟಕ್ಕೆ ಮುದುಡಿ ಮಲಗುವವಳು. ಅವಳ ಬಿಸಿ ದಿಂಬಿನಿಂದ ನಡುಹಾಸಿಗೆಯವರೆಗೆ ಮಾತ್ರ. ತಂಗಿ ಅಷ್ಟರೊಳಗೇ ಮುದುಡಿಕೊಂಡು, ಅಕ್ಕನ ಮಡಿಲು ಸಿಕ್ಕಿತೆಂದು ನೆಮ್ಮದಿಯಿಂದ ನಿದ್ದೆಹೋಗುವಳು.

ಒಂದು ಸಂಜೆ ಕಾಲು ಚಾಚಿದಳು. ಹಾಸಿಗೆಯ ಕಾಲ್ತುದಿಯವರೆಗೂ ಬೆಚ್ಚಗಿತ್ತು. ಎದ್ದು ಕೂತಳು.

“ದೊಡ್ಡಪ್ಪ, ಅಕ್ಕನ ಕೆಮ್ಮು ಹೋಯ್ತಾ?”

“ಅವಳಿಗೇನು, ಗುಂಡುಕಲ್ಲಿನ ಹಾಗಿದ್ದಾಳೆ. ಸುಮ್ನೆ ಮಲ್ಕೋ,” ಎಂದ ಬಾಗಿಲ ಬಳಿ ಕೂತಿದ್ದ ದೊಡ್ಡಪ್ಪ, ಚಹಾದ ಲೋಟದಿಂದ ತಲೆ ಎತ್ತದೆ.

ಮರುದಿನ ಮಧ್ಯಾಹ್ನ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಹೇಳದೆ ಕೇಳದೆ ಕೋಣೆಗೆ ಬಂದಳು. ಅಕ್ಕನ ಸ್ವೆಟರ್ ತೊಟ್ಟು ಯಾರೋ ಉದ್ದನೆಯ ಹುಡುಗಿ ಮಲಗಿದ್ದಳು. ಭುಜ ಮುಟ್ಟಿದ್ದೇ ತಡ, ಆಕೆ ಎದ್ದು ಕೂತು, ಕಣ್ಣು ತೆರೆಯದೆಯೇ ಹೊದಿಕೆಯನ್ನು ಅಂಚಿಗೆ ಅಂಚು ಸೇರಿಸಿ ಮಡಚತೊಡಗಿದಳು. “ಬಂದೆ, ಬಂದೆ…”

“ಯಾರು ನೀನು? ನಮ್ಮಕ್ಕ ಎಲ್ಲಿ?”

ಹುಡುಗಿಗೆ ಎಚ್ಚರವಾಯಿತು. “ಬೈಬೇಡಿ ಅಕ್ಕಾ. ಅವರು ಇಸ್ತ್ರಿ ಮೇಜಿನ ಮೇಲೇ ತಲೆ ಇಟ್ಟು ಹೋಗ್ಬಿಟ್ರಂತೆ. ನಿಮಗೆ ಗೊತ್ತಾದ್ರೆ ಕೆಲಸ ಬಿಟ್ಟು ಅಳ್ತಾ ಕೂರ್ತೀರಿ ಅಂತ… ಅವರ ರಾತ್ರಿ ಪಾಳಿ ನೀನು ಮಾಡು, ಹಾಸಿಗೆ ಬಿಸಿ ಇಡು ಅಂದ್ರು ದೊಡ್ಡಪ್ಪ.”

ತಂಗಿಯ ಹಿಂದೆಯೇ ಬಂದಿದ್ದ ದೊಡ್ಡಪ್ಪ ಬಾಗಿಲಲ್ಲೇ ನಿಂತಿದ್ದ. “ಅತ್ರೆ ಅವಳು ವಾಪಸ್ ಬರ್ತಾಳಾ? ನಾವೆಲ್ಲ ಹೀಗೇ ದುಡಿದು ಮುಂದೆ ಬಂದಿದ್ದು.”

“ಅಕ್ಕ ಸತ್ತಮೇಲೂ ಅವಳ ಬಿಸೀಲೇ ಮಲಗಿದ್ದೀನಿ ಅಂದ್ಕೊಂಡಿದ್ದೆನಲ್ಲ ದೊಡ್ಡಪ್ಪ! ದುಡಿಯೋಕೆ ಬಂದ್ವಿ, ನಿಜ. ದಣಿದವಳಿಗೆ ಒಂದು ದಿನ ಮಲಗು ಅಂದಿದ್ರೆ ಅವಳು ಬದುಕ್ತಿರ್ಲಿಲ್ವಾ?”



ತಂಗಿ ಹಾಸಿಗೆ ಎಳೆದು ಕಿಟಕಿಯ ಮೇಲೆ ಗಾಳಿಗೆ ಹಾಕಿದಳು. ಸಂಜೆ ಪಾಳಿ ಬದಲಾಗುವ ಸೈರನ್ ಕೂಗಿತು. ಹುಡುಗಿ ಅಭ್ಯಾಸಬಲದಿಂದ ಎದ್ದು ನಿಂತಳು, ಅವಳ ಮುಖ ನೋಡಿದಳು, ಮತ್ತೆ ಬರಿ ನೆಲದ ಮೇಲೆ ಕೂತಳು.

ತಂಗಿ ಹಾಸಿಗೆಯ ಮೇಲೆ ಅಂಗೈ ಇಟ್ಟು ನೋಡಿದಳು. ತಣ್ಣಗಾಗಿತ್ತು. ಆಮೇಲೆಯೇ ಅವಳು ಅಕ್ಕನಿಗಾಗಿ ಬಾಯ್ಬಿಟ್ಟು ಅತ್ತಳು.